ಮುರಿದ ಸೂಜಿಯ ಮೊನೆ

ಹೊಲಿಯುವಾಗ ಸೂಜಿ ಮುರಿದರೆ ಅದರ ಚೂರುಗಳೆಲ್ಲ ಸಿಗಲೇಬೇಕು. ಎಳೆಮಕ್ಕಳ ಬಟ್ಟೆ ಹೊಲಿಯುವ ಆ ಕಾರ್ಖಾನೆಯ ಮೊದಲ ಕಾನೂನು ಇದು. ಸೂಜಿ ಮುರಿದುಕೊಂಡವಳು ಮೆಷಿನ್ ನಿಲ್ಲಿಸಿ ಕೈಯೆತ್ತಬೇಕು. ನೆಲ ಗುಡಿಸಿ, ಅಯಸ್ಕಾಂತ ಆಡಿಸಿ, ಸಿಕ್ಕ ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ಸೂಜಿ ಮೇಜಿನ ಹತ್ತಿರ ಬರಬೇಕು. ಅಲ್ಲೊಂದು ದಪ್ಪ ರಿಜಿಸ್ಟರ್. ಅದರ ಹಾಳೆಯ ಮೇಲೆ ಬುಡ, ನಡು, ಮೊನೆ ಮೂರನ್ನೂ ಸಾಲಾಗಿ ಜೋಡಿಸಿ, ಮೇಲೆ ಅಂಟುಪಟ್ಟಿ ಹಚ್ಚಿ, ಪಕ್ಕದಲ್ಲಿ ಇಡೀ ಸೂಜಿಯೊಂದನ್ನು ಹಿಡಿದು ಅಳತೆ ನೋಡಬೇಕು. ಸರಿಹೋದರೆ ಸಹಿ, ಸಹಿಯಾದ ಮೇಲೆ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಅಲ್ಲಿಯವರೆಗೆ ಹೊಲಿದ ಬಟ್ಟೆಯೆಲ್ಲ ಅಲ್ಲೇ ನಿಲ್ಲಬೇಕು.

ಆ ಮೇಜಿನ ಹಿಂದೆ ಕೂರುವವಳನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ಇಪ್ಪತ್ತು ವರ್ಷ ತೋಳು ಹೊಲಿದವಳು ಅವಳು. ಎರಡು ವರ್ಷದ ಹಿಂದೆ ಮೆಷಿನ್ನಿನಿಂದ ಎಬ್ಬಿಸಿ ಈ ಮೇಜಿಗೆ ಕೂರಿಸಿದರು. ಮುರಿದ ಸೂಜಿಯ ಲೆಕ್ಕ ಅವಳದು, ಹೊಲಿದು ಬಂದ ಬಟ್ಟೆಯನ್ನು ಕಡೆಯದಾಗಿ ಮುಟ್ಟಿ ನೋಡಿ ಡಬ್ಬಕ್ಕೆ ಹಾಕುವುದೂ ಅವಳದೇ. ಕಾನೂನಿನ ಪ್ರಕಾರ ಒಂದು ಅಂಗಿಯನ್ನು ಒಂದು ಸಲ ನೋಡಿದರೆ ಸಾಕು. ಸೂಜಿಯಕ್ಕ ಏಳು ಸಲ ನೋಡುತ್ತಿದ್ದಳು. ಕತ್ತಿನ ಪಟ್ಟಿ, ಎರಡು ತೋಳು, ಎರಡು ಪಕ್ಕ, ಕೆಳಗಿನ ಮಡಿಕೆ. ಬೆರಳ ತುದಿಯಿಂದ ಹಿಸುಕಿ ಹಿಸುಕಿ, ಏಳು ಸಲ. ನಾಲ್ಕನೆಯದಕ್ಕೋ ಐದನೆಯದಕ್ಕೋ ಯಾರಾದರೂ ಬಂದು "ಅಕ್ಕಾ, ಟೈಮೆಷ್ಟು?" ಎಂದರೆ ಮುಗಿಯಿತು, ಮತ್ತೆ ಒಂದರಿಂದ.

ಇದನ್ನು ಕಂಡವರು ಏನಂದರು ಗೊತ್ತೇ? "ಎಂಥ ಶಿಸ್ತು!" ಅಂದರು. 'ವರ್ಷದ ಶಿಸ್ತಿನ ಕೆಲಸಗಾರ್ತಿ' ಎಂದು ಬರೆದು ಅವಳ ಫೋಟೊವನ್ನು ಗೋಡೆಗೆ ತೂಗುಹಾಕಿದರು. ಫೋಟೊದ ಕೆಳಗೇ ಸೂಜಿ ಹಿಡಿಯುವ ಮೆಷಿನ್ ಇತ್ತು. ಬಟ್ಟೆಯನ್ನು ಅದರ ಪಟ್ಟಿಯ ಮೇಲಿಟ್ಟರೆ ಒಳಗೆ ಸಾಗಿ ಆಚೆ ಬರುತ್ತದೆ. ಬಟ್ಟೆಯಲ್ಲಿ ಕೂದಲೆಳೆಯಷ್ಟು ಕಬ್ಬಿಣ ಇದ್ದರೂ ಕಿರ್ರೆಂದು ಕೂಗಿ ನಿಂತುಬಿಡುತ್ತದೆ. ಅದು ಕೆಟ್ಟು ಎಂಟು ತಿಂಗಳಾಗಿತ್ತು. ಅದರ ಮೇಲೆ ಈಗ ಎಲ್ಲರ ಊಟದ ಚೀಲಗಳು ಸಾಲಾಗಿ ಕೂತಿರುತ್ತಿದ್ದವು.

"ರಿಪೇರಿಗೆ ಬರೆದಿದ್ದೀನಿ, ಬರ್ತಾರೆ, ಬರ್ತಾರೆ," ಎನ್ನುತ್ತಿದ್ದ ಸೂಪರ್‌ವೈಸರ್. "ಅಷ್ಟಕ್ಕೂ ನಮ್ಮ ಸೂಜಿಯಕ್ಕ ಇರೋವಾಗ ಮೆಷಿನ್ ಯಾಕ್ರೀ? ಕರೆಂಟೂ ಬೇಡ, ಎಣ್ಣೆಯೂ ಬೇಡ!" ಎಂದು ತಾನೇ ನಗುತ್ತಿದ್ದ.

ಎಲ್ಲರೂ ನಗುತ್ತಿದ್ದರು. ಸೂಜಿಯಕ್ಕನೂ ಹಲ್ಲು ಬಿಡುತ್ತಿದ್ದಳು. ಒಳಗೆ ಮಾತ್ರ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಯಾಕೆಂದರೆ ಅದು ಶಿಸ್ತಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಅವಳ ತಲೆಯೊಳಗೆ ಏನೋ ಒಂದು ಸೇರಿಕೊಂಡಿತ್ತು. ಅದಕ್ಕೆ ಅವಳು ಇಟ್ಟ ಹೆಸರು ಹಾಳಾದ್ದು.

ಹಾಳಾದ್ದು ಬಂದು ಸೇರಿದ್ದು ಎರಡು ವರ್ಷದ ಹಿಂದೆ, ಒಂದು ಮಧ್ಯಾಹ್ನ. ಅಂಗಿ ಮಡಚುತ್ತಿದ್ದಳು. 'ಇದರಲ್ಲಿ ಮೊನೆ ಬಿಟ್ಟೆಯಲ್ಲ' ಎಂದಿತು. ಬಿಚ್ಚಿ ನೋಡಿದಳು, ಇರಲಿಲ್ಲ. 'ಸರಿಯಾಗಿ ನೋಡಲಿಲ್ಲ ನೀನು' ಎಂದಿತು. ಮತ್ತೆ ನೋಡಿದಳು. ಅವಳು ನೋಡಿದಷ್ಟೂ ಅದಕ್ಕೆ ನಾಲಿಗೆ ಉದ್ದವಾಯಿತು. ಏಳು ಸಲ ನೋಡಿದರೆ ಒಂದು ಗಳಿಗೆ ಬಾಯಿ ಮುಚ್ಚುತ್ತಿತ್ತು, ಮುಂದಿನ ಅಂಗಿ ಕೈಗೆ ಬರುವವರೆಗೆ.

ಇಷ್ಟೇ ಆಗಿದ್ದರೆ ಅವಳು ಹೇಗೋ ಹಲ್ಲು ಕಚ್ಚಿ ಸಹಿಸಿಕೊಂಡು ಹೋಗುತ್ತಿದ್ದಳು. ನಾಲ್ಕು ತಿಂಗಳ ಹಿಂದೆ ಮಗಳಿಗೆ ಹೆಣ್ಣು ಮಗುವಾಯಿತು. ಅಳಿಯನದು ದೂರದೂರಿನ ಕೆಲಸ, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಮಗಳು ಮಗುವಿನೊಂದಿಗೆ ತಾಯಿಯ ಎರಡು ಕೋಣೆಯ ಮನೆಯಲ್ಲೇ ಇದ್ದಳು. ಮೊದಲನೆಯ ದಿನ ಮಗುವನ್ನು ಎದೆಗೆ ಒತ್ತಿಕೊಂಡು, ನೆತ್ತಿಯ ಮೇಲೆ ಪುಟಪುಟನೆ ಹಾರುವ ಮೆತ್ತನೆಯ ಜಾಗವನ್ನು ಸೂಜಿಯಕ್ಕ ನೋಡುತ್ತಿದ್ದಾಗ ಹಾಳಾದ್ದು ರಾಗ ಬದಲಿಸಿತು.

'ಚುಚ್ಚು' ಎಂದಿತು.

ಸೂಜಿಯಕ್ಕ ಮಗುವನ್ನು ಮಗಳ ಪಕ್ಕದಲ್ಲಿ ಮಲಗಿಸಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾರನೆಯ ದಿನ ಮನೆಯಲ್ಲಿದ್ದ ಸೂಜಿ, ಪಿನ್ನು, ಎಲ್ಲವನ್ನೂ ಒಂದು ಡಬ್ಬಿಗೆ ತುಂಬಿ ಬೀದಿಯ ಕೊನೆಯ ಕಸದ ತೊಟ್ಟಿಗೆ ಎಸೆದು ಬಂದಳು. ಕೆಲಸದಿಂದ ಬಂದ ಕೂಡಲೇ ತಲೆಗೂದಲಿನಿಂದ ಸೀರೆಯ ಅಂಚಿನವರೆಗೆ ತಡವಿ ತಡವಿ ನೋಡಿಕೊಂಡು, ಸ್ನಾನ ಮಾಡಿ, ಆಮೇಲೂ ಮಗುವಿನಿಂದ ನಾಲ್ಕು ಮಾರು ದೂರ ಕೂರತೊಡಗಿದಳು. ಮಗು ಅತ್ತರೆ "ಏ, ನೋಡೇ, ಅಳ್ತಿದೆ" ಎಂದು ಅಡುಗೆಮನೆಯಿಂದ ಕೂಗುವುದೇ ಹೊರತು ಎತ್ತಿಕೊಳ್ಳುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಅವಳು ಮೊಮ್ಮಗಳನ್ನು ಎತ್ತಿಕೊಂಡದ್ದು ಆ ಒಂದು ಸಲ.

ಮಗಳು ಬಸ್ ಕಂಡಕ್ಟರ್. ದಿನವಿಡೀ ನೂರು ಜನರ ಜೊತೆ ಗಂಟಲು ಹರಿದುಕೊಂಡು ಪಳಗಿದ ಬಾಯಿ. ರಜೆ ಮುಗಿಯಲು ಐದು ದಿನ ಉಳಿದಿದ್ದಾಗ ಆ ಬಾಯಿ ತಾಯಿಯ ಕಡೆಗೆ ತಿರುಗಿತು.

"ಅಮ್ಮಾ, ಸೋಮವಾರದಿಂದ ನಂದು ಬೆಳಗಿನ ಡ್ಯೂಟಿ. ನೀನು ಎರಡನೇ ಪಾಳಿ ಹಾಕಿಸ್ಕೋ ಅಂತ ತಿಂಗಳಿಂದ ಬಡ್ಕೊಳ್ತಿದ್ದೀನಿ. ಕೇಳಿದ್ಯಾ, ಇಲ್ವಾ?"

"ಕೊಡಲ್ಲ ಅವರು."

"ಕೇಳಿದ್ಯಾ ಅಂದೆ."

ಸೂಜಿಯಕ್ಕ ಪಾತ್ರೆ ಉಜ್ಜುತ್ತಲೇ ಇದ್ದಳು.

"ಕೇಳಿಲ್ಲ. ನನಗೆ ಗೊತ್ತು. ಗಂಡು ಮೊಮ್ಮಗ ಬೇಕಿತ್ತೇನು ನಿನಗೆ? ಅದಕ್ಕೇ ಇದನ್ನ ಮುಟ್ಟಲ್ವಾ? ಬೀದಿನಾಯಿ ಮರಿ ಕಂಡ್ರೂ ತಲೆ ಸವರ್ತೀಯ, ನನ್ನ ಮಗು ಏನು ಮಾಡಿತ್ತು ನಿನಗೆ?"

"ಬಾಯಿಗೆ ಬಂದಂಗೆ ಮಾತಾಡ್ಬೇಡ!"

"ಮತ್ತೆ ನೀನು ಬಾಯಿ ಬಿಡು! ಯಾಕೆ ಅಂತ ಹೇಳು!"

ಹೇಳುವುದು ಏನನ್ನು? ನಿನ್ನ ಮಗುವಿನ ನೆತ್ತಿ ಕಂಡರೆ ಸೂಜಿ ನೆನಪಾಗುತ್ತದೆ ಕಣೇ ಎಂದೇ? ಅಂಥ ಮಾತು ಆಡಿದ ಹೆಂಗಸಿನ ಜೊತೆ ಯಾವ ತಾಯಿ ಒಂದೇ ಸೂರಿನ ಕೆಳಗೆ ಇದ್ದಾಳು? ಸೂಜಿಯಕ್ಕ ಉಜ್ಜಿದ ಪಾತ್ರೆಯನ್ನೇ ಇನ್ನೊಮ್ಮೆ ಉಜ್ಜಿದಳು.

"ಸರಿ ಬಿಡು," ಎಂದಳು ಮಗಳು. ಅವಳ ದನಿ ಇಳಿದಿತ್ತು. ಕೂಗಿದ್ದಕ್ಕಿಂತ ಅದೇ ಹೆಚ್ಚು ಚುರುಗುಟ್ಟಿತು. "ನಮ್ಮ ನಾದಿನಿ ಕರ್ಕೊಂಡು ಹೋಗ್ತೀನಿ ಅಂದಿದ್ದಾರೆ. ಭಾನುವಾರ ಸಂಜೆ ಬರ್ತಾರೆ. ಮಗು ಅಲ್ಲೇ ಇರ್ಲಿ. ವಾರಕ್ಕೊಂದು ದಿನ ನಾನೇ ಹೋಗಿ ನೋಡ್ಕೊಂಡು ಬರ್ತೀನಿ."

ನಾದಿನಿಯ ಊರು ಬಸ್ಸಿನಲ್ಲಿ ಅರ್ಧ ದಿನದ ದಾರಿ. ಹಾಲು ಕುಡಿಯುವ ಕೂಸು. 'ಒಳ್ಳೆಯದೇ ಆಯಿತು' ಎಂದಿತು ಹಾಳಾದ್ದು. 'ದೂರ ಇದ್ದರೆ ಬದುಕಿಕೊಳ್ಳುತ್ತದೆ.'

ಮಂಡಿನೋವಿಗೆ ಎಂದು ಸುಳ್ಳು ಹೇಳಿ ಸೂಜಿಯಕ್ಕ ಮೂರು ವಾರದಿಂದ ದೊಡ್ಡಾಸ್ಪತ್ರೆಯ ಮನೋರೋಗದ ವಿಭಾಗಕ್ಕೆ ಹೋಗುತ್ತಿದ್ದಳು. ಅಲ್ಲಿದ್ದ ಡಾಕ್ಟರಮ್ಮ ಅವಳ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು, ಅಷ್ಟೆ. ಎಲ್ಲವನ್ನೂ ಕೇಳಿ, ಹುಬ್ಬೂ ಹಾರಿಸದೆ, "ಇದಕ್ಕೆ ಗೀಳು ಅಂತಾರೆ ಅಮ್ಮ. ಬೇಡದ ಯೋಚನೆ ತಾನಾಗಿ ನುಗ್ಗುತ್ತೆ. ಅದು ನಿಮ್ಮ ಆಸೆಯಲ್ಲ. ನಿಮಗೆ ಆಗದೇ ಇರೋದನ್ನೇ ಹುಡುಕಿ ತರುತ್ತೆ," ಎಂದಿದ್ದಳು. ಮಾತ್ರೆ ಕೊಟ್ಟಿದ್ದಳು. ಮಾತ್ರೆಗಿಂತ ಕಷ್ಟದ ಒಂದು ಕೆಲಸವನ್ನೂ ಕೊಟ್ಟಿದ್ದಳು: ಒಂದೇ ಸಲ ನೋಡುವುದು. ನೋಡಿ ಕೆಳಗಿಡುವುದು. ಹಾಳಾದ್ದು ಬೊಗಳಿದರೆ ಬೊಗಳಲಿ, ಅದಕ್ಕೆ ಉತ್ತರ ಕೊಡಬಾರದು.

ಶುಕ್ರವಾರ ಹೋದಾಗ ಸೂಜಿಯಕ್ಕ ಸಿಡಿದಳು.

"ಒಂದೇ ಸಲ ನೋಡು ಅಂತೀರಿ. ನೋಡೋದೇ ನನ್ನ ಕೆಲಸ ಡಾಕ್ಟರಮ್ಮಾ! ನೀವು ಇಲ್ಲಿ ಬಿಡಿಸಿದ್ದನ್ನ ಅಲ್ಲಿ ಮತ್ತೆ ಕಟ್ತಾರೆ."

"ರೂಲು ಎಷ್ಟು ಸಲ ನೋಡಿ ಅನ್ನುತ್ತೆ?"

"ಒಂದು ಸಲ. ಆಮೇಲೆ ಮೆಷಿನ್ ನೋಡುತ್ತೆ."

"ಮೆಷಿನ್ ನೋಡ್ತಿದೆಯಾ?"

"ಕೆಟ್ಟು ಕೂತಿದೆ."

"ಎಷ್ಟು ದಿನದಿಂದ?"

"ಎಂಟು ತಿಂಗಳು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಎಂಟು ತಿಂಗಳಿಂದ ಆ ಮೆಷಿನ್ ಕೆಲಸ ಯಾರು ಮಾಡ್ತಿದ್ದಾರೆ?"

ಸೂಜಿಯಕ್ಕನಿಗೆ ಆಸ್ಪತ್ರೆಯಿಂದ ಬಸ್ ನಿಲ್ದಾಣದವರೆಗೆ ನಡೆಯುವಾಗ ಕಣ್ಣ ಮುಂದೆ ಬರೀ ಊಟದ ಚೀಲಗಳು. ಅವುಗಳ ಮೇಲೆ ನಗುತ್ತಿರುವ ತನ್ನ ಫೋಟೊ. ಇಷ್ಟು ದಿನ ಅವಳಿಗೆ ತನ್ನ ಮೇಲೆ ಮಾತ್ರ ಸಿಟ್ಟಿತ್ತು. ಈಗ ಆ ಸಿಟ್ಟು ಮಗ್ಗುಲು ಬದಲಿಸಿ ಎದ್ದು ಕೂತಿತು.

ಶನಿವಾರ ಅರ್ಧ ದಿನದ ಕೆಲಸ. ಬಿಡಲು ಒಂದು ಗಂಟೆ ಉಳಿದಿದ್ದಾಗ ಕತ್ತಿನ ಪಟ್ಟಿ ಹೊಲಿಯುವ ಹೆಂಗಸು ಕೈಯೆತ್ತಿದಳು. ಹೊಲಿಗೆಯಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳನ್ನು ಎಲ್ಲರೂ ಕರೆಯುವುದು ಪಟ್ಟಿಯಮ್ಮ ಎಂದು. ಅವಳ ಅಂಗೈಯಲ್ಲಿ ಸೂಜಿಯ ಬುಡವಿತ್ತು, ನಡುವಿತ್ತು. ಮೊನೆ ಇರಲಿಲ್ಲ. ಗುಡಿಸಿದರು. ಅಯಸ್ಕಾಂತ ಆಡಿಸಿದರು. ಮೆಷಿನ್ನಿನ ಹೊಟ್ಟೆ ಬಿಚ್ಚಿದರು. ಇಲ್ಲ. ಆ ಹೊತ್ತಿಗೆ ಅವಳು ಹೊಲಿದು ಮುಂದೆ ದಾಟಿಸಿದ್ದ ಅಂಗಿಗಳು ನಾನ್ನೂರು. ಲಾರಿ ಹೊರಗೆ ನಿಂತು ಹಾರ್ನ್ ಹೊಡೆಯುತ್ತಿತ್ತು.

ಹುಡುಕುವವರ ನಡುವೆ ಓಡಾಡುತ್ತಿದ್ದ ಸೂಪರ್‌ವೈಸರ್ ಮೇಜಿನ ಹತ್ತಿರ ಬಂದ. ರಿಜಿಸ್ಟರಿನಲ್ಲಿ ಅಂಟಿಸಿದ ಎರಡು ಚೂರುಗಳನ್ನು ನೋಡಿದ. ಹಿಂದಿನ ಹಾಳೆಗಳನ್ನು ತಿರುವಿ, ಯಾವುದೋ ಹಳೆಯ ಸೂಜಿಯ ಮೊನೆಯನ್ನು ಉಗುರಿನಿಂದ ಎಬ್ಬಿಸಿ, ತಂದು ಈ ಎರಡರ ಪಕ್ಕದಲ್ಲಿಟ್ಟ.

"ತಗೋ ಅಕ್ಕಾ, ಮೂರಾಯ್ತು. ಸಹಿ ಹಾಕು."

"ಇದು ಇದರದ್ದಲ್ಲ."

"ಕಬ್ಬಿಣಕ್ಕೇನು ಅಪ್ಪ ಅಮ್ಮ ಇರ್ತಾರಾ? ಹಾಕು. ಹೇಗೂ ನೀನು ಏಳೇಳು ಸಲ ಹಿಸುಕ್ತೀಯಲ್ಲ, ಇದ್ದಿದ್ರೆ ಸಿಗ್ತಿತ್ತು."

ಸೂಜಿಯಕ್ಕ ರಿಜಿಸ್ಟರನ್ನೇ ನೋಡುತ್ತ ಕೂತಳು. ಹಾಳಾದ್ದು ಬಾಯಿ ಹಾಕಿತು: 'ನೀನೇ ಬಿಟ್ಟಿದ್ದು, ಮಗುವೊಂದು ಸಾಯುತ್ತೆ, ನೋಡು, ಮತ್ತೆ ನೋಡು.' ಅದು ದಿನಾ ಹೇಳುವುದೂ ಇದನ್ನೇ. ದಿನಾ ಸುಳ್ಳು ಹೇಳುವುದರ ಮಾತನ್ನು ಈವತ್ತು ನಂಬುವುದು ಹೇಗೆ?

ಆಗ ಅವಳ ಬೆರಳು ಅವನಿಟ್ಟ ಮೊನೆಯನ್ನು ಪಕ್ಕಕ್ಕೆ ಸರಿಸಿ ಹಾಳೆಯ ಮೇಲೆ ಓಡಿತು. ಬುಡ. ನಡು. ಅದರ ಮುಂದೆ ಬಿಳಿ ಜಾಗ. ಪಕ್ಕದಲ್ಲಿ ಹಿಡಿದ ಇಡೀ ಸೂಜಿಗಿಂತ ಒಂದು ಅಕ್ಕಿಕಾಳಿನಷ್ಟು ಕಡಿಮೆ. ಅದನ್ನು ಯಾರು ಬೇಕಾದರೂ ನೋಡಬಹುದಿತ್ತು. ಪಟ್ಟಿಯಮ್ಮ ನೋಡಿದ್ದಳು, ಸೂಪರ್‌ವೈಸರ್ ನೋಡಿದ್ದ, ನೋಡಿದ್ದಕ್ಕೇ ತುಂಬಲು ಹೊರಟಿದ್ದ. ಹಾಳಾದ್ದು ಎರಡು ವರ್ಷದಲ್ಲಿ ಒಂದು ಸಲವೂ ಹೀಗೆ ಹಾಳೆಯ ಮೇಲೆ ತೋರಿಸಿರಲಿಲ್ಲ. ಇದು ತಲೆಯೊಳಗಿನದಲ್ಲ. ಇದು ಇದೆ.

ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಸಹಿ ಹಾಕಲ್ಲ. ಆ ನಾನ್ನೂರನ್ನೂ ನಾನು ಹಿಸುಕೋದೂ ಇಲ್ಲ. ಮೆಷಿನ್ ಸರಿಮಾಡ್ಸಿ, ಅದು ನೋಡ್ಲಿ."

"ಏನಕ್ಕಾ ಇದು, ಲಾರಿ ನಿಂತಿದೆ..."

"ನಿಲ್ಲಲಿ."

"ಶುರುವಾಯ್ತಪ್ಪ ಇವಳ ಹುಚ್ಚು!" ಎಂದ ಸೂಪರ್‌ವೈಸರ್, ಸುತ್ತ ನಿಂತವರ ಕಡೆ ತಿರುಗಿ.

ಸೂಜಿಯಕ್ಕ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಕಾರ್ಖಾನೆಯಲ್ಲಿ ಅವಳ ದನಿ ಎರಡನೆಯ ಸಾಲು ದಾಟಿರಲಿಲ್ಲ. ಈಗ ಕಟ್ಟಕಡೆಯಲ್ಲಿದ್ದ ಇಸ್ತ್ರಿಯವರ ತನಕ ಹೋಯಿತು.

"ಹೌದು, ಹುಚ್ಚೇ! ಆಸ್ಪತ್ರೆ ಚೀಟಿ ಇದೆ, ತೋರಿಸ್ಲಾ? ಏಳು ಸಲ ನೋಡೋದು ಶಿಸ್ತಲ್ಲ, ಕಾಯಿಲೆ! ಎರಡು ವರ್ಷದಿಂದ ನಾನು ನೆಮ್ಮದಿಯಾಗಿ ಒಂದು ತುತ್ತು ನುಂಗಿಲ್ಲ. ಮಗು ಮುಟ್ಟಿಲ್ಲ, ನಮ್ಮನೆ ಮಗು! ನೀವು ನನಗೆ ಫೋಟೊ ಹಾಕಿದ್ರಿ. ನನ್ನ ಕಾಯಿಲೇನ ಮೆಷಿನ್ ಮಾಡ್ಕೊಂಡು, ಆ ಮೆಷಿನ್ ಮೇಲೆ ಊಟದ ಚೀಲ ಇಟ್ರಿ! ನಾನು ನಾಳೆ ವಾಸಿಯಾದ್ರೆ ಏನ್ ಮಾಡ್ತೀರಿ? ಇನ್ನೊಬ್ಬಳಿಗೆ ಕಾಯಿಲೆ ಬರ್ಲಿ ಅಂತ ಕಾಯ್ತೀರಾ?"

ಸಾಲಿನಲ್ಲಿದ್ದ ಒಬ್ಬಳು ಗೊಣಗಿದಳು, "ಶನಿವಾರ ಬೇಗ ಮನೆಗೆ ಹೋಗೋದಕ್ಕೂ ಕಲ್ಲು ಬಿತ್ತು." ಆಮೇಲೆ ಪಟ್ಟಿಯಮ್ಮ ನಡೆದುಹೋಗಿ ಕೆಟ್ಟ ಮೆಷಿನ್ನಿನ ಮೇಲಿಂದ ತನ್ನ ಊಟದ ಚೀಲ ಎತ್ತಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು. ಗೊಣಗಿದವಳೂ ಮುಖ ಊದಿಸಿಕೊಂಡೇ ತನ್ನದನ್ನು ತೆಗೆದಳು.

ಚೀಲ ಕೈಯಲ್ಲಿ ಹಿಡಿದು ವಾಪಸ್ ಬರುತ್ತಿದ್ದ ಪಟ್ಟಿಯಮ್ಮ, ಸೂಪರ್‌ವೈಸರ್ ಹೆಜ್ಜೆ ಎತ್ತಿಟ್ಟಾಗ ಏನೋ ಮಿಂಚಿದ್ದು ಕಂಡು ಥಟ್ಟನೆ ನಿಂತಳು. "ಸಾರ್, ಸ್ವಲ್ಪ ಕಾಲೆತ್ತಿ."

"ಏನು?"

"ಎಡಗಾಲು ಸಾರ್. ಎತ್ತಿ."

ಸೂಪರ್‌ವೈಸರನ ರಬ್ಬರ್ ಚಪ್ಪಲಿಯ ಅಡಿಯಲ್ಲಿ ಮೊನೆ ಮಿಣುಕುತ್ತಿತ್ತು. ಹುಡುಕುವವರ ನಡುವೆ ಅದನ್ನು ಕಾಲಲ್ಲಿ ಕಟ್ಟಿಕೊಂಡೇ ಓಡಾಡಿದ್ದ ಮಹರಾಯ. ಅಷ್ಟು ಹೊತ್ತು ನಗು ಎಲ್ಲಿತ್ತೋ, ಒಮ್ಮೆಲೇ ಒಡೆಯಿತು. ಸೂಜಿಯಕ್ಕ ನಗಲಿಲ್ಲ. ಮೊನೆಯನ್ನು ಕಿತ್ತು, ಅಂಟಿಸಿ, ಅಳತೆ ನೋಡಿದಳು. ಒಂದೇ ಸಲ. ಸಹಿ ಹಾಕಿದಳು.

"ನೋಡಿದ್ಯಾ? ಬಟ್ಟೆಯಲ್ಲಿ ಏನೂ ಇರ್ಲಿಲ್ಲ," ಎಂದ ಅವನು, ಕೆಂಪಗಾದ ಮುಖ ಒರೆಸಿಕೊಳ್ಳುತ್ತ.

"ನಿಮ್ಮ ಚಪ್ಪಲಿಯಲ್ಲಿತ್ತು. ಅದು ಗೊತ್ತಿಲ್ದೇನೇ ಸಹಿ ಕೇಳಿದ್ರಲ್ಲ, ಅದಕ್ಕೇನಂತೀರಿ?"

ಬಿಡುವ ಗಂಟೆ ಹೊಡೆದಾಗ ಅವನು ಅವಳನ್ನು ಕರೆದು ಚೀಟಿಯೊಂದನ್ನು ಕೈಗಿಟ್ಟ. ಸೂಜಿ ಮೇಜಿನಿಂದ ಅವಳನ್ನು ತೆಗೆದಿದ್ದರು. ಸೋಮವಾರದಿಂದ ತೋಳು ಹೊಲಿಯುವ ಸಾಲು. ಎರಡನೇ ಪಾಳಿ.

ಮಧ್ಯಾಹ್ನದಿಂದ ರಾತ್ರಿಯವರೆಗಿನ ಎರಡನೇ ಪಾಳಿಯೆಂದರೆ ಅಲ್ಲಿ ಶಿಕ್ಷೆಯೇ. ಅವಳು ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗೆ ಬಂದಳು. ಅರ್ಧ ದಾರಿ ನಡೆದ ಮೇಲೆ ಹೊಳೆಯಿತು, ಬೆಳಗೆಲ್ಲ ಅವಳು ಮನೆಯಲ್ಲಿರುತ್ತಾಳೆ. ಮಗಳಿಗೆ ಹೇಳಲು ಇನ್ನು ಯಾವ ನೆವವೂ ಉಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಗಳು ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಸೂಜಿಯಕ್ಕ ಎದುರಿಗೆ ನೆಲದ ಮೇಲೆ ಕೂತು ಹೇಳಿದಳು. ಎಲ್ಲವನ್ನೂ. ನೆತ್ತಿಯ ಮಾತನ್ನು ಹೇಳುವಾಗ ಎರಡು ಸಲ ನಿಲ್ಲಿಸಬೇಕಾಯಿತು. ಅಳಲಿಲ್ಲ. ಯಾರ ಮೇಲೋ ದೂರು ಕೊಡುವವಳ ಹಾಗೆ, ಹಲ್ಲು ಕಡಿದುಕೊಂಡೇ ಹೇಳಿ ಮುಗಿಸಿ ಆಸ್ಪತ್ರೆಯ ಚೀಟಿಯನ್ನು ಮುಂದಿಟ್ಟಳು.

ಮಗಳು ಚೀಟಿ ಓದಿದಳು. ಮಗುವನ್ನು ನೋಡಿದಳು. ಅವಳ ಕೈ ತನಗೆ ತಾನೇ ಮಗುವಿನ ತಲೆಯ ಮೇಲೆ ಹೋಯಿತು. ಸೂಜಿಯಕ್ಕ ಅದನ್ನೂ ನೋಡಿದಳು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಈಗ ಮಾಡಿದ್ಯಲ್ಲ, ಹಂಗೆ ಮಾಡ್ತಿದ್ದೆ."

ಮಗಳು ಕೈ ತೆಗೆದಳು, ಬಿಸಿ ತಾಗಿದವಳಂತೆ. "ನಾನು ಗಂಡು ಹೆಣ್ಣು ಅಂತ ಏನೇನೋ ಅಂದೆನಲ್ಲ... ಬಾಯಿ ಮುಚ್ಕೊಂಡು ಅನ್ನಿಸ್ಕೊಂಡ್ಯಲ್ಲ! ಎಂಥ ಹೆಂಗಸಮ್ಮ ನೀನು!"

"ಕಂಡಕ್ಟರ್ ಹತ್ರ ವಾದ ಮಾಡಿ ಗೆದ್ದೋರಿದ್ದಾರಾ?"

ಮಗಳಿಗೆ ನಗುವೂ ಬಂತು, ಸಿಟ್ಟೂ ಬಂತು. "ಡಾಕ್ಟರ್ ಏನಂತಾರೆ? ಮಗು ನಿನ್ನ ಹತ್ರ ಬಿಡಬಹುದಾ?"

"ಬಿಡಬೇಕು ಅಂತಾರೆ. ನಾನು ದೂರ ಓಡಿದಷ್ಟೂ ಅದು ಹಿಂದೆ ಬರುತ್ತಂತೆ. ನಂಬಿಕೆ ಇಲ್ದಿದ್ರೆ ನೀನೇ ಬಂದು ಕೇಳು. ಆದ್ರೆ ನನ್ನ ಬಾಯಿಂದ ಆಣೆಗೀಣೆ ಹಾಕಿಸ್ಕೋಬೇಡ. ಒಂದು ಆಣೆ ಹಾಕಿದ್ರೆ ಹಾಳಾದ್ದು ಏಳು ಕೇಳುತ್ತೆ."

ಮಗಳು ಚೀಲದ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಫೋನು ತೆಗೆದು ನಾದಿನಿಗೆ "ಬರೋದು ಬೇಡ, ಅಮ್ಮನಿಗೆ ಎರಡನೇ ಪಾಳಿ ಸಿಕ್ತು," ಎಂದಳು. ಹೊಸ್ತಿಲು ದಾಟಿ ಅಂಗಡಿಗೆ ಹೋಗಿ ಬಂದಾಗ ಅವಳ ಕೈಯಲ್ಲಿ ಒಂದು ಪೊಟ್ಟಣವಿತ್ತು. ಹತ್ತು ಸೂಜಿಯ ಪೊಟ್ಟಣ. ತಾಯಿಯ ಕಣ್ಣೆದುರೇ ಅದನ್ನು ಕಿಟಕಿಯ ಮೇಲಿಟ್ಟಳು.

ಸೋಮವಾರ ಬೆಳಿಗ್ಗೆ ಮಗಳು ಖಾಕಿ ಹಾಕಿಕೊಂಡು, ಟಿಕೆಟ್ ಚೀಲ ಹೆಗಲಿಗೇರಿಸಿ, ಮಗುವನ್ನು ತಾಯಿಯ ಮಡಿಲಿಗೆ ಹಾಕಿದಳು. ಮಗು ಅಜ್ಜಿಯ ಮೂಗನ್ನೇ ದಿಟ್ಟಿಸಿ, ಯಾವ ಮುನ್ಸೂಚನೆಯೂ ಇಲ್ಲದೆ, ಬೆಚ್ಚಗೆ ಒದ್ದೆ ಮಾಡಿತು.

'ಚುಚ್ಚು' ಎಂದಿತು ಹಾಳಾದ್ದು. 'ಕಿಟಕಿಯ ಮೇಲಿದೆ, ನೋಡು.'

ಇದೆ, ಗೊತ್ತು. ಬೊಗಳು, ಎಂದುಕೊಂಡಳು ಸೂಜಿಯಕ್ಕ. ನೀನು ಬೊಗಳುತ್ತಿರು, ನನಗೆ ಲಂಗೋಟಿ ಬದಲಿಸುವುದಿದೆ.

ಬಾಗಿಲವರೆಗೆ ಹೋದ ಮಗಳು ನಿಂತು, ತಿರುಗಿ ನೋಡಿದಳು. ಅವಳ ಕಣ್ಣು ಮಗುವಿನ ತಲೆಗೆ, ತಾಯಿಯ ಕೈಗೆ, ಕಿಟಕಿಗೆ ಹೋಗಿ ಬಂತು. ಹೆಜ್ಜೆ ಎತ್ತಿದವಳು ಮತ್ತೆ ತಿರುಗಹೊರಟಳು.

ಸೂಜಿಯಕ್ಕನಿಗೆ ರೇಗಿಹೋಯಿತು.

"ಏಯ್! ಒಂದು ಸಲ ನೋಡಿದ್ಯಲ್ಲ, ಸಾಕು. ಎರಡನೇ ಸಲ ನೋಡ್ಬೇಡ. ಅಲ್ಲಿಂದಲೇ ಶುರುವಾಗೋದು ಇದು. ಹೋಗು, ಬಸ್ಸಿನೋರು ಕಾಯ್ತಿರ್ತಾರೆ!"

ಮಗಳು ತಿರುಗಲಿಲ್ಲ. ಬೀದಿಯಲ್ಲಿ ಅವಳ ಚಪ್ಪಲಿಯ ಸದ್ದು ದೂರವಾಗುತ್ತ ಹೋಯಿತು.